ಒಂದು ದಿನ, ಒಂದು ಮನೆ, ಒಂದು ಕಥೆ

ಕಚೇರಿಯಲ್ಲಿ ದಿನವಿಡೀ ನಿಯಮ, ಉಪನಿಯಮಗಳೊಡನೆ ಏಗುವ ನಮಗೆ, ನಾಟಕಕ್ಕೂ ಒಂದು ನಿಯಮಾವಳಿಯಿತ್ತೆಂದು ತಿಳಿದಾಗ ನಗು ಬಂದಿತು. ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಅದು ನಗುವ ಮಾತಾಗಿರಲಿಲ್ಲ. ಕಥೆ ಒಂದೇ ಇರಬೇಕು. 24 ಗಂಟೆಗಳೊಳಗೆ ಮುಗಿಯಬೇಕು. ಒಂದೇ ಸ್ಥಳದಲ್ಲಿ ನಡೆಯಬೇಕು. ಇವೇ ಮೂರು ಐಕ್ಯಗಳು. ಜೊತೆಗೆ, ನಡೆದದ್ದು ನಂಬುವಂತಿರಬೇಕು, ಔಚಿತ್ಯ ಮೀರಬಾರದು, ದುರಂತದಲ್ಲಿ ಹಾಸ್ಯ ಬೆರೆಯಬಾರದು, ಕೊಲೆ ಕಾದಾಟಗಳು ಕಣ್ಣಿಗೆ ಬೀಳಬಾರದು. ಕಾರ್ನೆಯ್ ಬರೆದ ‘ಲೆ ಸಿದ್’ ಜನರಿಗೆ ಬಹಳ ಮೆಚ್ಚಿಕೆಯಾಯಿತು. ಆದರೂ ಫ್ರೆಂಚ್ ಅಕಾಡೆಮಿ ಅದರಲ್ಲಿ ತಪ್ಪುಗಳನ್ನು ಎತ್ತಿ ತೋರಿಸಿತು.

ಇದಕ್ಕೆಲ್ಲ ಅರಿಸ್ಟಾಟಲನೇ ಆಧಾರವೆಂದರು. ಆದರೆ ಆತ ಒತ್ತಿ ಹೇಳಿದ್ದು ಕ್ರಿಯೆಯ ಐಕ್ಯವೊಂದನ್ನೇ. ಕಾಲದ ವಿಷಯದಲ್ಲಿ ರೂಢಿಯನ್ನಷ್ಟೇ ತಿಳಿಸಿದ. ಸ್ಥಳದ ನಿಯಮವನ್ನು ಹೇಳಲೇ ಇಲ್ಲ. ನಮ್ಮ ಭರತನೂ ಯುದ್ಧ, ಮರಣಗಳನ್ನು ಅಂಕದಲ್ಲಿ ನೇರವಾಗಿ ತೋರಿಸಬಾರದೆಂದ. ಆದರೆ ದಿನದ ಮಿತಿಯನ್ನು ಅಂಕಕ್ಕೆ ಹಾಕಿದನೇ ಹೊರತು ಇಡೀ ನಾಟಕಕ್ಕಲ್ಲ. ಶಾಕುಂತಲದಲ್ಲಿ ಅಂಕಗಳ ನಡುವೆ ವರ್ಷಗಳೇ ಉರುಳುತ್ತವೆ.

ಹಾಗಾದರೆ ಐಕ್ಯಗಳು ವ್ಯರ್ಥವೇ? ಮೋಲಿಯೇರನ ‘ತಾರ್ತೂಫ್’ ನೋಡಿ. 1664ರಲ್ಲಿ ನಿಷೇಧಕ್ಕೊಳಗಾಗಿ 1669ರಲ್ಲಿ ಬಿಡುಗಡೆ ಪಡೆದ ಈ ನಾಟಕವನ್ನು ಎ. ಎನ್. ಮೂರ್ತಿರಾಯರು ‘ಆಷಾಢಭೂತಿ’ಯಾಗಿ ಕನ್ನಡಕ್ಕೆ ತಂದರು. ಮೂಲದಲ್ಲಿ ಕಥೆಯೆಲ್ಲ ಒಂದೇ ಮನೆಯೊಳಗೆ. ಕಪಟಿ ರಂಗಕ್ಕೆ ಬರುವುದು ಮೂರನೆಯ ಅಂಕದಲ್ಲಿ. ಅಷ್ಟರೊಳಗೆ ಮನೆಯ ಜಗಳವೇ ಅವನನ್ನು ನಮಗೆ ತೋರಿಸಿಕೊಟ್ಟಿರುತ್ತದೆ. ಕೊನೆಗೆ ಯಜಮಾನ ಆ ಮನೆಯನ್ನೇ ಬರೆದುಕೊಟ್ಟು, ಅತಿಥಿಯಿಂದ ಹೊರಡೆನ್ನಿಸಿಕೊಳ್ಳುತ್ತಾನೆ! ಬಾಡಿಗೆ ಮನೆಯವರಾದ ನಮಗೆ ಆ ನೋವು ತಿಳಿಯದೇ? ಇಲ್ಲಿ ಸ್ಥಳವೇ ಕಥೆಯ ಪಣ. ಆದರೆ ಕೊನೆಗಳಿಗೆಯಲ್ಲಿ ರಾಜನ ಅಧಿಕಾರಿ ಬಂದು ಎಲ್ಲವನ್ನೂ ಸರಿಪಡಿಸುವುದು ನಮಗೆ ಒಪ್ಪಿಗೆಯಾಗದು. ಅದು ನಾಟಕದೊಳಗಿಂದ ಹುಟ್ಟಿದ ಮುಕ್ತಾಯವಲ್ಲ.

ಅಹಮದಾಬಾದ್, ವಡೋದರ, ಸೂರತ್‌ಗಳಲ್ಲಿರುವ ನಾವೂ ಒಂದೇ ಸೆಟ್ಟಿನ ನಾಟಕಗಳನ್ನೇ ಆರಿಸುತ್ತೇವೆ. ಕಾರಣ ಅರಿಸ್ಟಾಟಲನಲ್ಲ, ಹಾಲಿನ ಬಾಡಿಗೆ! ಒಂದು ಸೋಫಾ, ಎರಡು ಬಾಗಿಲು, ನಗಿಸುವ ಆಳು. ಆ ಕಥೆಯನ್ನು ಪಕ್ಕದ ಮನೆಗೆ ಸಾಗಿಸಿದರೂ ಏನೂ ಕೆಡುವುದಿಲ್ಲ. ನಿಯಮ ಪಾಲಿಸಿದ್ದೇವೆ, ಅದರ ಫಲ ಪಡೆದಿಲ್ಲ. ಗುಜರಾತಿನ ಭವಾಯಿಗೂ ನಮ್ಮ ಯಕ್ಷಗಾನಕ್ಕೂ ಸೆಟ್ಟೇ ಬೇಡ. ಒಂದು ಸುತ್ತು ಬಂದರೆ ಅರಮನೆ ಕಾಡಾಗುತ್ತದೆ. ಆ ದಾರಿಯೂ ನಮಗೆ ತೆರೆದೇ ಇದೆ.

ಮುಂದಿನ ರಾಜ್ಯೋತ್ಸವಕ್ಕೆ ನಾಟಕ ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳೋಣ: ಈ ಕಥೆಗೆ ಈ ಮನೆಯೇ ಏಕೆ ಬೇಕು? ಉತ್ತರ ದೊರೆತರೆ, ಕನ್ನಡ ಅರ್ಧಂಬರ್ಧ ಬಲ್ಲ ನಮ್ಮ ಮಕ್ಕಳೂ ಕೊನೆಯವರೆಗೆ ಕುಳಿತು ನೋಡುತ್ತಾರೆ.