ಚಿತ್ರಕಲೆಯಲ್ಲಿ ಅನುಕರಣೆ ಮತ್ತು ಅಚೌರ್ಯ

ಯಾವ ವಿದ್ಯೆಯೂ ಅನುಕರಣೆಯಿಂದಲೇ ಆರಂಭವಾಗುತ್ತದೆ. ಮಗುವು ತಾಯಿಯ ಮಾತನ್ನು ಅನುಕರಿಸಿ ಭಾಷೆಯನ್ನು ಕಲಿಯುವಂತೆ, ಚಿತ್ರವನ್ನು ಕಲಿಯುವವನು ಹಿರಿಯರ ರೇಖೆಗಳನ್ನು ಅನುಸರಿಸಿ ತನ್ನ ಕೈಯನ್ನು ಪಳಗಿಸಿಕೊಳ್ಳುತ್ತಾನೆ. ಆದರೆ ಕಲಿಕೆಗಾಗಿ ಮಾಡಿದ ಅನುಕರಣೆ ಎಲ್ಲಿ ಮುಗಿಯುತ್ತದೆ, ಪರರ ಸ್ವತ್ತಿನ ಅಪಹರಣ ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆ ಕಲೆಗೆ ಎಷ್ಟು ಸಂಬಂಧಿಸಿದ್ದೋ ನೀತಿಗೂ ಅಷ್ಟೇ ಸಂಬಂಧಿಸಿದ್ದು. 1964ರಿಂದ ಚಿತ್ರಕಲಾ ಶಿಕ್ಷಣಕ್ಕೆ ನೆಲೆಯಾಗಿರುವ ದಾವಣಗೆರೆಯಂತಹ ವ್ಯಾಪಾರದ ಊರಿನಲ್ಲಿ ಈ ಪ್ರಶ್ನೆ ಬರೆಯುವವರನ್ನೂ ಕೊಳ್ಳುವವರನ್ನೂ ಸಮಾನವಾಗಿ ಮುಟ್ಟುತ್ತದೆ.

ಪ್ರತಿ ಮಾಡುವುದು ಸ್ವತಃ ದೋಷವಲ್ಲ. ಮೂಡಬಿದಿರೆಯಲ್ಲಿ ಶತಮಾನಗಳ ಕಾಲ ಉಳಿದುಬಂದ ಧವಲಾ ತಾಳೆಗರಿಗಳನ್ನು ಶ್ರದ್ಧೆಯಿಂದ ನಕಲು ಮಾಡಿದವರು ಇಲ್ಲದಿದ್ದರೆ ಆ ಮಹಾಗ್ರಂಥವು 1939ರಿಂದ ಮುದ್ರಣಗೊಂಡು ಲೋಕಕ್ಕೆ ದೊರೆಯುತ್ತಿರಲಿಲ್ಲ. ಆದರೆ ಲಿಪಿಕಾರನು ಲಿಪಿಕಾರನಾಗಿಯೇ ಉಳಿದನು. ವೀರಸೇನಾಚಾರ್ಯರ ಸ್ಥಾನದಲ್ಲಿ ತನ್ನ ಹೆಸರನ್ನು ಬರೆದುಕೊಳ್ಳಲಿಲ್ಲ.

ಇಂದು ಅಭ್ಯಾಸಿಗೆ ಸುಲಭವಾಗಿ ದೊರೆಯುವ ಮಾದರಿಯೆಂದರೆ ಮೊಬೈಲಿನ ಛಾಯಾಚಿತ್ರ. ಅದರ ಮೇಲೆ ಚೌಕಗಳನ್ನು ಎಳೆದು, ಅಳತೆ ಹಿಡಿದು ಬರೆದರೆ ಹೋಲಿಕೆ ತಪ್ಪುವುದಿಲ್ಲ. ಅದರಿಂದ ಕೈ ನುರಿತೀತು, ಕಣ್ಣು ನುರಿಯದು. ಇದಕ್ಕೆ ಪ್ರಮಾಣ ಬೇಕಾದವರು ಹರಿಹರದ ಹರಿಹರೇಶ್ವರ ದೇವಾಲಯದ ಮಂಟಪದಲ್ಲಿ ಒಂದು ಗಂಟೆ ಕುಳಿತರೆ ಸಾಕು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಈ ಗುಡಿಯಲ್ಲಿ ದುಂಡಗೆ ಕಡೆದ ಕಂಬಗಳ ಸಾಲುಗಳಿವೆ. ಕುಳಿತವನ ಕಣ್ಣಿನ ಮಟ್ಟಕ್ಕೆ ಬರುವ ಬಳೆಯಂತಹ ಪಟ್ಟಿ ನೇರ ಗೆರೆಯಾಗಿ ಕಾಣುತ್ತದೆ. ಅದಕ್ಕಿಂತ ಮೇಲಿನವು ಮೇಲಕ್ಕೆ ಬಾಗುತ್ತವೆ, ಕೆಳಗಿನವು ಕೆಳಕ್ಕೆ ಬಾಗುತ್ತವೆ. ಅವನು ಎದ್ದು ನಿಂತೊಡನೆ ಆ ನೇರ ಗೆರೆಯೂ ಬಾಗುತ್ತದೆ. ಛಾಯಾಚಿತ್ರವು ಒಂದು ಕ್ಷಣದ ಒಂದು ನಿಲುವನ್ನು ಮಾತ್ರ ಕೊಡುತ್ತದೆ. ಈ ಬದಲಾವಣೆಯ ಕಾರಣವನ್ನು ಕೊಡುವುದಿಲ್ಲ. ಕಾರಣವನ್ನು ಅರಿಯದವನು ಮಾದರಿ ಇಲ್ಲದಾಗ ಒಂದು ಬಿಂದಿಗೆಯ ಬಾಯಿಯನ್ನೂ ಸರಿಯಾಗಿ ಬರೆಯಲಾರನು.

ಕನ್ನಡ ನಾಡಿನ ಇಬ್ಬರು ಹಿರಿಯ ಕಲಾವಿದರ ಸಾಧನೆ ಈ ಮಾತನ್ನೇ ಸಮರ್ಥಿಸುತ್ತದೆ. ಕೆ. ವೆಂಕಟಪ್ಪನವರು (1886-1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ಬಂಗಾಳ ಶೈಲಿಯಲ್ಲಿ ನುರಿತರು. ಆದರೆ ಉದಕಮಂಡಲದ ಮಂಜು ಮತ್ತು ಬೆಟ್ಟಗಳ ಜಲವರ್ಣ ಚಿತ್ರಗಳಲ್ಲಿ ಗುರುವಿನ ಶೈಲಿ ಹಿಂದೆ ಸರಿದು ಶಿಷ್ಯನ ಕಣ್ಣು ಮುಂದೆ ಬಂದಿದೆ. ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು (1911-1996) ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಬೋಧಕರೂ ಆಗಿದ್ದವರು. ಅಷ್ಟಾದ ಮೇಲೂ 1949ರಲ್ಲಿ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ನಲ್ಲಿ ಮತ್ತೆ ವಿದ್ಯಾರ್ಥಿಯಾದರು. ಲಯವನ್ನು ಅರಿಯಲೆಂದು ಕಥಕ್ ನೃತ್ಯವನ್ನೂ ಅಭ್ಯಾಸ ಮಾಡಿದರು. ಅವರ ರೇಖೆಯಲ್ಲಿ ಕಾಣುವ ಹಗುರ ಚಲನೆ ಈ ವಿನಯದ ಫಲ. ತಾನು ಪೂರ್ಣನಾದೆನೆಂದು ಭಾವಿಸಿದ ದಿನವೇ ಕಲಾವಿದನ ಬೆಳವಣಿಗೆ ನಿಲ್ಲುತ್ತದೆ.

ಹೊಟ್ಟೆಪಾಡಿನ ಮಾತನ್ನು ಇಲ್ಲಿ ಕಡೆಗಣಿಸುವಂತಿಲ್ಲ. ಭಾವಚಿತ್ರವನ್ನು ನೋಡಿ ತೈಲಚಿತ್ರ ಬರೆದುಕೊಡುವ ಯುವಕನು ಕೂಲಿಗೆ ತಕ್ಕ ಕೆಲಸವನ್ನು ಮಾಡುತ್ತಾನೆ. ಪ್ರತಿಯನ್ನು ಪ್ರತಿಯೆಂದೇ ಹೇಳಿ ಕೊಟ್ಟರೆ ಅವನು ನಿರ್ದೋಷಿ. ಇನ್ನೊಬ್ಬರ ರಚನೆಯನ್ನು ಇಳಿಸಿ, ಮೂಲೆಯಲ್ಲಿ ತನ್ನ ಸಹಿ ಹಾಕಿ, ಸ್ವಂತದ್ದೆಂದು ಮಾರಿದಾಗ ಮಾತ್ರ ದೋಷ ತಗಲುತ್ತದೆ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು. ತುಪ್ಪದಲ್ಲಿ ಕೊಬ್ಬನ್ನು ಬೆರೆಸಿ ಮಾರುವವನಿಗೆ ಅನ್ವಯಿಸುವ ಈ ಮಾತು ಚಿತ್ರ ಮಾರುವವನಿಗೆ ಅನ್ವಯಿಸದೆ ಹೋಗುವುದಿಲ್ಲ.

ಕೊಳ್ಳುವವನ ಪಾಲೂ ಇದರಲ್ಲಿದೆ. ಅಂಗಡಿಗೂ ಮನೆಗೂ ಕ್ಯಾಲೆಂಡರಿನಂತಹ ಚಿತ್ರವೇ ಬೇಕೆಂದು ಹಟ ಹಿಡಿದು, ಸ್ವಂತವಾಗಿ ನೋಡಿ ಬರೆದ ಚಿತ್ರಕ್ಕೆ ಬೆಲೆ ಜಗ್ಗಿದರೆ, ಕಲಾವಿದನನ್ನು ನಕಲಿನ ದಾರಿಗೆ ತಳ್ಳಿದವನು ಗಿರಾಕಿಯೇ ಆಗುತ್ತಾನೆ. ಹರಿಹರದ ಕಂಬದ ಮುಂದೆ ಕುಳಿತು ಬರೆದ ಚಿತ್ರ ಸ್ವಲ್ಪ ಸೊಟ್ಟಗಿದ್ದರೂ ಅದರ ಗೆರೆಗಳು ಬರೆದವನ ಸ್ವಂತ ದುಡಿಮೆ. ಅಂತಹ ಒಂದು ಚಿತ್ರವನ್ನು ನ್ಯಾಯವಾದ ಬೆಲೆ ಕೊಟ್ಟು ಕೊಳ್ಳುವ ಶ್ರಾವಕನು ಕಲಿಯುವವನ ಕಣ್ಣನ್ನೂ ತನ್ನ ವ್ರತವನ್ನೂ ಒಮ್ಮೆಗೇ ಕಾಪಾಡುತ್ತಾನೆ.