ನಕ್ಷೆಯ ಮೇಲೆ ಒಂದು ತಿಂಗಳು

ಯುರೋಪನ್ನು ಒಂದು ತಿಂಗಳು ರೈಲಿನಲ್ಲಿ ಸುತ್ತಬೇಕೆಂದುಕೊಂಡವರು ಸಾಮಾನ್ಯವಾಗಿ ಊರುಗಳ ಪಟ್ಟಿಯಿಂದ ಶುರುಮಾಡುತ್ತಾರೆ. ಪ್ಯಾರಿಸ್, ರೋಮ್, ವಿಯೆನ್ನಾ, ಪ್ರಾಗ್. ನಡುವಿನದೆಲ್ಲ ಹೇಗೋ ಕಳೆಯಬೇಕಾದ ಹೊತ್ತು. ನನಗೆ ಈ ಕ್ರಮ ಒಗ್ಗುವುದಿಲ್ಲ. ಮೊದಲು ದಾರಿಗಳನ್ನು ಆರಿಸಬೇಕು. ಊರುಗಳು ತಾವಾಗಿ ಅವುಗಳ ತುದಿಗೆ ಬಂದು ಸೇರುತ್ತವೆ. ಮೇಜಿನ ಮೇಲೆ ರೈಲು ನಕ್ಷೆ ಹರಡಿಕೊಂಡು, ಪಕ್ಕದಲ್ಲಿ ವೇಳಾಪಟ್ಟಿ ಇಟ್ಟುಕೊಂಡು ಕೂರುವ ಸಂಜೆಗಳ ಸುಖ ಪ್ರಯಾಣದ ಸುಖಕ್ಕೇನೂ ಕಡಿಮೆಯದಲ್ಲ.

ಆ ವೇಳಾಪಟ್ಟಿಗೂ ಒಂದು ಚರಿತ್ರೆಯಿದೆ. ಥಾಮಸ್ ಕುಕ್ ಕಂಪನಿ 1873ರಲ್ಲಿ ಶುರುಮಾಡಿದ ಯುರೋಪಿನ ರೈಲು ವೇಳಾಪಟ್ಟಿಯನ್ನು ಆ ಕಂಪನಿ 2013ರಲ್ಲಿ ಕೈಬಿಟ್ಟಿತು. ಅದನ್ನು ಸಿದ್ಧಪಡಿಸುತ್ತಿದ್ದವರು ಬಿಡಲಿಲ್ಲ, ಮರುವರ್ಷವೇ ತಾವಾಗಿ ಪ್ರಕಟಿಸತೊಡಗಿದರು. ಅಂಕಿಗಳ ಆ ಸಾಲುಗಳನ್ನು ಸ್ವಲ್ಪ ಹೊತ್ತು ಓದಿದರೆ ನೆಲದ ಏರಿಳಿತವೇ ಕಾಣತೊಡಗುತ್ತದೆ. ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಸ್‌ನಿಂದ ಇಟಲಿಯ ತಿರಾನೊಗೆ ಹಳಿಯ ಉದ್ದ ಸುಮಾರು 60 ಕಿ.ಮೀ., ಹಿಡಿಯುವ ಹೊತ್ತು ಎರಡು ಗಂಟೆಗೂ ಮೇಲೆ. ಅಲ್ಲಿ ಬೆರಳು ನಿಲ್ಲುತ್ತದೆ: ಇಲ್ಲೊಂದು ದೊಡ್ಡ ಘಟ್ಟವಿರಬೇಕು.

ಇದೆ. ಅದೇ ಬರ್ನಿನಾ. ಉತ್ತರದಿಂದ ಅದಕ್ಕೆ ಕೂಡುವ ಆಲ್ಬುಲಾ ದಾರಿಯ ಜೊತೆ 2008ರಲ್ಲಿ ಯುನೆಸ್ಕೊ ಈ ಘಟ್ಟದ ರೈಲುದಾರಿಯನ್ನು ವಿಶ್ವ ಪರಂಪರೆಗೆ ಸೇರಿಸಿತು. ಖೂರ್‌ನಲ್ಲಿ ಹತ್ತಿ ಕೂತರೆ ಎರಡನ್ನೂ ಒಂದೇ ದಿನದಲ್ಲಿ ಸವಿಯಬಹುದು. ಲಾಂಡ್‌ವಾಸರ್ ಸೇತುವೆಯಲ್ಲಿ ಗಾಡಿ 65 ಮೀಟರ್ ಎತ್ತರದ ಕಲ್ಲಿನ ಕಮಾನುಗಳ ಮೇಲೆ ಬಾಗಿ ಸಾಗಿ, ಎದುರಿನ ಕಡಿದಾದ ಬಂಡೆಯೊಳಗೆ ನೇರ ನುಗ್ಗುತ್ತದೆ. ಮುಂದೆ ಸುರುಳಿ ಸುರಂಗಗಳು. ಒಂದೇ ಹಳ್ಳಿ ಒಮ್ಮೆ ಈ ಕಿಟಕಿಯಲ್ಲಿ, ಇನ್ನೊಮ್ಮೆ ಆ ಕಿಟಕಿಯಲ್ಲಿ, ಪ್ರತಿಸಲವೂ ಇನ್ನಷ್ಟು ಕೆಳಗೆ. ಸೇಂಟ್ ಮೊರಿಟ್ಸ್ ದಾಟಿದ ಮೇಲೆ 2253 ಮೀಟರ್ ಎತ್ತರದ ಓಸ್ಪಿಟ್ಸಿಯೊ ಬರ್ನಿನಾ ನಿಲ್ದಾಣ, ಪಕ್ಕದಲ್ಲೇ ಹಿಮನದಿಯ ನೀರಿನಿಂದ ಹಾಲುಬಣ್ಣಕ್ಕೆ ತಿರುಗಿದ ಕೆರೆ. ಹದಿನಾಲ್ಕು ಮೀಟರಿಗೆ ಒಂದು ಮೀಟರ್ ಏರುವ ಕಡೆಗಳಲ್ಲೂ ಇಲ್ಲಿ ಹಲ್ಲುಹಳಿಯಿಲ್ಲ. ಬರೀ ಚಕ್ರ, ಬರೀ ಹಳಿ. ಬ್ರುಸಿಯೊದಲ್ಲಿ ಕಣಿವೆ ಇಕ್ಕಟ್ಟಾಗಿ ಇಳಿಯಲು ಜಾಗ ಸಾಲದೆ, ಬಯಲಲ್ಲೇ ಕಲ್ಲಿನ ಕಮಾನುಗಳ ಒಂದು ಸುತ್ತು ಕಟ್ಟಿದ್ದಾರೆ. ಗಾಡಿ ಅದರ ಮೇಲೆ ಪೂರ್ತಿ ಒಂದು ಸುತ್ತು ಬಂದು ತನ್ನದೇ ದಾರಿಯ ಅಡಿಯಲ್ಲಿ ನುಸುಳಿ ಹೋಗುತ್ತದೆ. ಎರಡು ಗಂಟೆಯ ಹಿಂದೆ ಹಿಮ ನೋಡಿದ ಕಣ್ಣಿಗೆ ತಿರಾನೊದಲ್ಲಿ ದ್ರಾಕ್ಷಿತೋಟಗಳು. ಗಾಜಿನ ಗೋಡೆಯ ವಿಶೇಷ ಗಾಡಿಗೆ ಹೆಚ್ಚು ಹಣ ಕೊಟ್ಟು ಸೀಟು ಕಾಯ್ದಿರಿಸಬೇಕು. ಅದೇ ಹಳಿಯಲ್ಲಿ ಓಡುವ ಮಾಮೂಲಿ ಕೆಂಪು ಗಾಡಿಗೆ ಆ ಗೊಡವೆಯಿಲ್ಲ, ಕೆಲವು ಬೋಗಿಗಳಲ್ಲಿ ಕಿಟಕಿಯನ್ನೂ ತೆರೆಯಬಹುದು. ಮಾಮೂಲಿ ಗಾಡಿಯೇ ಮೇಲು.

ಇಂಥ ದಾರಿ ಇನ್ನೆರಡು ಸಿಕ್ಕರೆ ತಿಂಗಳು ತುಂಬಿಕೊಳ್ಳುತ್ತದೆ. ವಿಯೆನ್ನಾದಿಂದ ಲ್ಯುಬ್ಲಿಯಾನಾಗೆ ಹೋಗುವ ಗಾಡಿ 1854ರಲ್ಲಿ ತೆರೆದ, ಗೇಗಾ ಎಂಬ ಎಂಜಿನಿಯರ್ ರೂಪಿಸಿದ ಸೆಮ್ಮರಿಂಗ್ ಘಟ್ಟವನ್ನು ಏರಿಯೇ ಸಾಗುತ್ತದೆ. ಅಲ್ಲಿಂದ ಮುಂದೆ ಸ್ಲೊವೇನಿಯದ ಯೆಸೆನಿಟ್ಸೆಯಿಂದ ನೋವಾ ಗೋರಿಟ್ಸಾಗೆ 1906ರ ಬೋಹಿನ್ ದಾರಿ. ಅದರ ಕೊನೆಯಲ್ಲಿ ಹಸಿರುನೀಲಿ ಸೋಚಾ ನದಿಯನ್ನು 85 ಮೀಟರಿನ ಒಂದೇ ಕಲ್ಲುಕಮಾನಿನಲ್ಲಿ ದಾಟುವ ಸೊಲ್ಕಾನ್ ಸೇತುವೆ. ಕಲ್ಲಿನ ರೈಲುಸೇತುವೆಗಳಲ್ಲಿ ಲೋಕದಲ್ಲೇ ಇಷ್ಟು ಅಗಲದ ಕಮಾನು ಬೇರೆಯಿಲ್ಲ. ನೋವಾ ಗೋರಿಟ್ಸಾ ನಿಲ್ದಾಣದ ಮುಂದಿನ ಚೌಕದ ನಡುವೆಯೇ ಇಟಲಿಯ ಗಡಿ ಹಾದುಹೋಗುತ್ತದೆ. ಅಲ್ಲಿದ್ದ ಬೇಲಿಯನ್ನು 2004ರಲ್ಲಿ ತೆಗೆದರು. ಗಾಡಿ ಇಳಿದು, ಇಟಲಿಗೆ ನಡೆದುಕೊಂಡೇ ಹೋಗಿ, ಗೊರಿಟ್ಸಿಯಾದಲ್ಲಿ ವೆನಿಸ್ ಕಡೆಯ ರೈಲು ಹಿಡಿಯಬಹುದು. ಯೋಜನೆಯಲ್ಲಿ ಇಂಥದೊಂದು ಕೊಂಡಿ ಸಿಕ್ಕ ದಿನ ನಿದ್ದೆ ತಡವಾಗಿ ಬರುತ್ತದೆ.

ಉಳಿದದ್ದು ಲೆಕ್ಕಾಚಾರ. ಯುರೇಲ್ ಪಾಸು 33 ದೇಶಗಳಲ್ಲಿ ನಡೆಯುತ್ತದೆ. ಆದರೆ ಫ್ರಾನ್ಸಿನ ಟಿಜಿವಿಗೂ ಇಟಲಿಯ ವೇಗದ ಗಾಡಿಗಳಿಗೂ ಪಾಸಿನ ಮೇಲೆ ಸೀಟಿನ ಹಣ ಬೇರೆ; ಜರ್ಮನಿ, ಆಸ್ಟ್ರಿಯ, ಸ್ವಿಟ್ಜರ್ಲೆಂಡಿನ ಹೆಚ್ಚಿನ ಗಾಡಿಗಳನ್ನು ಸುಮ್ಮನೆ ಹತ್ತಬಹುದು. ಭಾರತೀಯ ಪಾಸ್‌ಪೋರ್ಟಿನವರು ಹೆಚ್ಚು ದಿನ ತಂಗುವ ದೇಶದ ದೂತಾವಾಸದಲ್ಲಿ ಷೆಂಗೆನ್ ವೀಸಾ ಕೇಳಬೇಕು. ಕನಿಷ್ಠ 30,000 ಯೂರೊ ವಿಮೆಯೂ ತಂಗುವ ಜಾಗಗಳ ಕಾಗದಪತ್ರವೂ ಬೇಕು. ಹೀಗಾಗಿ ಎಲ್ಲವನ್ನೂ ಮೊದಲೇ ಗೊತ್ತುಮಾಡಬೇಕಲ್ಲ ಎಂದು ಮನಸ್ಸು ಕುಗ್ಗಿಸಿಕೊಳ್ಳಬೇಕಾಗಿಲ್ಲ. ದಿನಕ್ಕೊಂದು ಊರು ಬೇಡ. ಖೂರ್, ಲ್ಯುಬ್ಲಿಯಾನಾದಂಥ ಕೂಡುದಾರಿಯ ಊರುಗಳಲ್ಲಿ ನಾಲ್ಕೈದು ರಾತ್ರಿ ತಂಗಿ, ಹಗಲುಗಳನ್ನು ಖಾಲಿ ಬಿಡಿ; ಬೆಳಗಿನ ಹವೆ ನೋಡಿಕೊಂಡು ದಾರಿ ಆರಿಸಿ. ಬರ್ನಿನಾಕ್ಕೆ ಮೋಡವಿಲ್ಲದ ದಿನವನ್ನೇ ಕಾದು ಹೋಗಿ. ಸೇಂಟ್ ಮೊರಿಟ್ಸ್‌ನಿಂದ ತಿರಾನೊ ಕಡೆಗೆ ಹೋಗುವಾಗ ಬಲಗಡೆಯ ಕಿಟಕಿ ಹಿಡಿಯಿರಿ.