ಯೋಸೆಫ್ ಬಾಯ್ಸ್: ಕಥೆಯೂ ಕೃತಿಯೂ

ಕಲಾವಿದನ ಬಾಳನ್ನು ಅರಿತರೆ ಅವನ ಕೃತಿಯೂ ತಿಳಿಯುವುದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ತರಗತಿಯಲ್ಲಿಯೂ ನಾವು ಮೊದಲು ಕವಿಯ ಚರಿತ್ರೆಯನ್ನು ಹೇಳಿ, ಅನಂತರ ಪದ್ಯವನ್ನು ತೆಗೆಯುತ್ತೇವೆ. ಆದರೆ ಆ ಚರಿತ್ರೆಯನ್ನು ಕಲಾವಿದನೇ ಕಟ್ಟಿದ್ದು, ಅದರಲ್ಲಿ ಮುಖ್ಯವಾದುದೊಂದು ನಿಜವಲ್ಲವೆಂದು ತಿಳಿದುಬಂದರೆ ಕೃತಿಯ ಗತಿಯೇನು? ಜರ್ಮನಿಯ ಶಿಲ್ಪಿ ಯೋಸೆಫ್ ಬಾಯ್ಸ್‌ನ ವಿಷಯದಲ್ಲಿ ಈ ಪ್ರಶ್ನೆಯಿಂದ ನುಣುಚಿಕೊಳ್ಳುವಂತಿಲ್ಲ.

ಬಾಯ್ಸ್ 1921ರ ಮೇ 12ರಂದು ಕ್ರೇಫೆಲ್ಡ್ ನಗರದಲ್ಲಿ ಹುಟ್ಟಿ, ಹಾಲೆಂಡಿನ ಗಡಿಗೆ ಹತ್ತಿರವಿರುವ ಕ್ಲೇವೆಯಲ್ಲಿ ಬೆಳೆದನು. ಹುಡುಗನಾಗಿದ್ದಾಗ ಹಿಟ್ಲರನ ಬಾಲಕರ ದಳದಲ್ಲಿದ್ದನು. ಎರಡನೆಯ ಮಹಾಯುದ್ಧದಲ್ಲಿ ತಾನಾಗಿಯೇ ವಾಯುಸೇನೆಯನ್ನು ಸೇರಿದನು. 1944ರ ಮಾರ್ಚಿಯಲ್ಲಿ ಅವನಿದ್ದ ವಿಮಾನ ಕ್ರಿಮಿಯಾದಲ್ಲಿ ನೆಲಕ್ಕಪ್ಪಳಿಸಿತು; ಚಾಲಕ ಸತ್ತನು, ಬಾಯ್ಸ್ ಗಾಯಗೊಂಡು ಉಳಿದನು. ಯುದ್ಧಾನಂತರ ಡ್ಯೂಸೆಲ್‌ಡಾರ್ಫಿನ ಕಲಾಶಾಲೆಯಲ್ಲಿ ಎವಾಲ್ಡ್ ಮಟಾರೆಯ ಬಳಿ ಶಿಲ್ಪವನ್ನು ಕಲಿತು, 1961ರಲ್ಲಿ ಅದೇ ಶಾಲೆಯಲ್ಲಿ ಪ್ರಾಧ್ಯಾಪಕನಾದನು.

ಆ ವಿಮಾನಾಪಘಾತವನ್ನು ಕುರಿತು ಬಾಯ್ಸ್ ಹೇಳುತ್ತಿದ್ದ ಕಥೆ ಲೋಕಪ್ರಸಿದ್ಧ. ಅಲೆಮಾರಿಗಳಾದ ತಾತಾರರು ಹಿಮದಲ್ಲಿ ಬಿದ್ದಿದ್ದ ತನ್ನನ್ನು ಎತ್ತಿಕೊಂಡು ಹೋದರು, ಮೈಗೆ ಕೊಬ್ಬನ್ನು ಬಳಿದರು, ಫೆಲ್ಟಿನಲ್ಲಿ ಸುತ್ತಿ ಬೆಚ್ಚಗಿಟ್ಟು ಬದುಕಿಸಿದರು ಎಂಬುದು ಅದರ ಸಾರ. ಫೆಲ್ಟ್ ಎಂದರೆ ಉಣ್ಣೆಯನ್ನು ನೇಯದೆ ಒತ್ತಿ ಮಾಡಿದ ದಪ್ಪ ಬಟ್ಟೆ. ಮುಂದೆ ಅವನ ಶಿಲ್ಪಗಳಲ್ಲಿ ಕೊಬ್ಬೂ ಫೆಲ್ಟೂ ಮತ್ತೆ ಮತ್ತೆ ಬಂದಾಗ ನೋಡುವವರು ಈ ಕಥೆಯನ್ನೇ ಭಾಷ್ಯವಾಗಿ ಹಿಡಿದರು. ಆದರೆ ಸೇನೆಯ ದಾಖಲೆಗಳು ಬೇರೆಯದನ್ನೇ ಹೇಳುತ್ತವೆ. ಅವನನ್ನು ಕಂಡುಹಿಡಿದದ್ದು ಜರ್ಮನ್ ಶೋಧಕ ದಳ. ಮರುದಿನವೇ ಅವನು ಸೈನಿಕ ಆಸ್ಪತ್ರೆಯಲ್ಲಿದ್ದನು. 1979ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ವಸ್ತುಸಂಗ್ರಹಾಲಯದಲ್ಲಿ ಅವನ ದೊಡ್ಡ ಪ್ರದರ್ಶನ ನಡೆದ ಬೆನ್ನಲ್ಲೇ, 1980ರಲ್ಲಿ ಬೆಂಜಮಿನ್ ಬುಕ್‌ಲೋ ಎಂಬ ವಿಮರ್ಶಕ ಇದನ್ನು ಸ್ವಕಲ್ಪಿತ ಪುರಾಣವೆಂದು ಕಟುವಾಗಿ ಖಂಡಿಸಿದನು.

ಕಲಾವಿದ ಕಲ್ಪಿಸುವುದರಲ್ಲಿ ತಪ್ಪೇನೆಂದು ಕೆಲವರು ಕೇಳಬಹುದು. ಕಲ್ಪನೆಯನ್ನು ಕಲ್ಪನೆಯೆಂದೇ ಕೊಟ್ಟರೆ ತಪ್ಪಿಲ್ಲ. ಸಾಕ್ಷ್ಯವೆಂದು ಕೊಟ್ಟರೆ ತಪ್ಪು. ಈ ಕಥೆ ಆಕ್ರಮಣಕ್ಕೆ ಹೋದ ಸೈನಿಕನನ್ನು ಅನುಕಂಪಕ್ಕೆ ಪಾತ್ರನಾದ ರೋಗಿಯನ್ನಾಗಿ ಮಾಡುತ್ತದೆ. ಅವನು ಯಾರ ನೆಲದ ಮೇಲೆ ಏಕೆ ಹಾರುತ್ತಿದ್ದನೆಂಬ ಪ್ರಶ್ನೆಯನ್ನು ಮರೆಸುತ್ತದೆ. ಅದೇ 1944ರ ಮೇ ತಿಂಗಳಲ್ಲಿ ಸ್ಟಾಲಿನ್ನನ ಸರ್ಕಾರ ಕ್ರಿಮಿಯಾದ ತಾತಾರ ಜನಾಂಗವನ್ನೆಲ್ಲ ಮಧ್ಯ ಏಷ್ಯಕ್ಕೆ ಗಡೀಪಾರು ಮಾಡಿತು. ಕಥೆಯ ತಾತಾರರಿಗೆ ಅಂಥ ದುಃಖವೊಂದೂ ಇಲ್ಲ. ಅವರು ಜರ್ಮನನೊಬ್ಬನನ್ನು ಬದುಕಿಸಿ ಮರೆಯಾಗುತ್ತಾರೆ.

ಹಾಗಾದರೆ ಕಥೆಯನ್ನು ತೆಗೆದಿಟ್ಟು ಕೃತಿಯನ್ನು ನೋಡೋಣ. ಡಾರ್ಮ್‌ಸ್ಟಾಟಿನ ವಸ್ತುಸಂಗ್ರಹಾಲಯದಲ್ಲಿ ಅವನ 'ಕೊಬ್ಬಿನ ಕುರ್ಚಿ' ಇದೆ: ಹಳೆಯದೊಂದು ಮರದ ಕುರ್ಚಿ, ಅದರ ಮೇಲೆ ಇಳಿಜಾರಾಗಿ ಮೆತ್ತಿದ ಕೊಬ್ಬು. ಕಾವು ತಗಲಿದರೆ ಕೊಬ್ಬು ಕರಗುತ್ತದೆ, ತಣ್ಣಗಾದರೆ ಗಟ್ಟಿಯಾಗುತ್ತದೆ. ಶಿಲ್ಪವೆಂದರೆ ಕಡೆದು ಮುಗಿಸಿದ ಕಲ್ಲಲ್ಲ, ರೂಪ ಪಡೆಯುತ್ತ ಕಳೆಯುತ್ತ ಇರುವ ದ್ರವ್ಯ ಎಂಬ ಅವನ ಸಿದ್ಧಾಂತ ಇಲ್ಲಿ ಕಣ್ಣಿಗೇ ಕಾಣುತ್ತದೆ. ಇದಕ್ಕೆ ತಾತಾರರ ಸಾಕ್ಷಿ ಬೇಕಾಗಿಲ್ಲ. 1965ರ ನವೆಂಬರಿನಲ್ಲಿ ಡ್ಯೂಸೆಲ್‌ಡಾರ್ಫಿನ ಷ್ಮೇಲಾ ಚಿತ್ರಶಾಲೆಯಲ್ಲಿ ಅವನು ಮುಖಕ್ಕೆ ಜೇನನ್ನೂ ಚಿನ್ನದ ರೇಕನ್ನೂ ಹಚ್ಚಿಕೊಂಡು, ಸತ್ತ ಮೊಲವೊಂದನ್ನು ತೋಳಿನಲ್ಲಿ ಹಿಡಿದು, ಗೋಡೆಯ ಚಿತ್ರಗಳನ್ನು ಅದಕ್ಕೆ ವಿವರಿಸಿದನು. ಪ್ರೇಕ್ಷಕರು ಹೊರಗೆ ನಿಂತು ಗಾಜಿನ ಮೂಲಕ ನೋಡಬೇಕಾಯಿತು. ಹುಚ್ಚೆಂದು ನಕ್ಕವರುಂಟು. ಆದರೆ ಚಿತ್ರವನ್ನು ವಿವರಿಸಿದ ಮಾತ್ರಕ್ಕೆ ಅದು ತಲುಪುವುದೇ ಎಂಬ ಸಂಶಯ, ಕಪ್ಪು ಹಲಗೆಯ ಮುಂದೆ ಬಹುಕಾಲ ನಿಂತ ನಮಗೆ ಅಪರಿಚಿತವೇನಲ್ಲ.

ನಮ್ಮ ವೃತ್ತಿಯವರು ಅವಶ್ಯವಾಗಿ ತಿಳಿಯಬೇಕಾದುದು ಅವನ ಉಪಾಧ್ಯಾಯ ಜೀವನ. ಪ್ರತಿಯೊಬ್ಬ ಮನುಷ್ಯನಲ್ಲಿಯೂ ಸೃಷ್ಟಿಶಕ್ತಿ ಇದೆಯೆಂದು ಬೋಧಿಸುತ್ತಿದ್ದವನು ಪ್ರವೇಶ ಪರೀಕ್ಷೆಯಲ್ಲಿ ತಿರಸ್ಕೃತರಾದವರನ್ನು ಹೊರಗಿಡುವುದು ಹೇಗೆ? ಅವರನ್ನೂ ತನ್ನ ತರಗತಿಗೆ ಸೇರಿಸಿಕೊಳ್ಳುವುದಾಗಿ ಹಟ ಹಿಡಿದು, 1972ರ ಅಕ್ಟೋಬರಿನಲ್ಲಿ ಅವರೊಡನೆ ಶಾಲೆಯ ಕಚೇರಿಯಲ್ಲಿಯೇ ಕುಳಿತನು. ಆ ರಾಜ್ಯದ ಮಂತ್ರಿಯಾಗಿದ್ದ, ಮುಂದೆ ಜರ್ಮನಿಯ ಅಧ್ಯಕ್ಷನೂ ಆದ ಯೊಹಾನ್ನೆಸ್ ರೌ ಅವನನ್ನು ಕೆಲಸದಿಂದ ವಜಾ ಮಾಡಿದನು. 1978ರಲ್ಲಿ ನ್ಯಾಯಾಲಯ ಆ ವಜಾ ಕಾನೂನುಬಾಹಿರವೆಂದಿತು. ಮಂತ್ರಿಯ ಪಕ್ಷದಲ್ಲಿಯೂ ನ್ಯಾಯವಿಲ್ಲದಿಲ್ಲ: ಕೊಠಡಿಗೆ ಮಿತಿಯುಂಟು, ಒಬ್ಬ ಗುರುವಿನ ಗಮನಕ್ಕೂ ಮಿತಿಯುಂಟು. ಆದರೂ ಆಡಿದ ಮಾತಿಗೆ ಜೀವನೋಪಾಯವನ್ನೇ ಪಣವಾಗಿಟ್ಟವನನ್ನು ಬರಿಯ ಆಟಗಾರನೆಂದು ತಳ್ಳಿಹಾಕುವುದು ಸಲ್ಲದು.

ಅವನ ಕೊನೆಯ ದೊಡ್ಡ ಕೃತಿಯ ವಿಷಯಕ್ಕೆ ಬರೋಣ. 1982ರಲ್ಲಿ ಕಾಸೆಲ್ ನಗರದ ಕಲಾಪ್ರದರ್ಶನಕ್ಕಾಗಿ ಅವನು 7,000 ಬಸಾಲ್ಟ್ ಕಲ್ಲುಗಳನ್ನು ವಸ್ತುಸಂಗ್ರಹಾಲಯದ ಮುಂದಿನ ಮೈದಾನದಲ್ಲಿ ರಾಶಿ ಹಾಕಿಸಿದನು. ಊರಿನಲ್ಲಿ ಒಂದು ಮರ ನೆಟ್ಟರೆ ಅದರ ಪಕ್ಕದಲ್ಲಿ ನಿಲ್ಲಿಸಲು ಒಂದು ಕಲ್ಲನ್ನು ರಾಶಿಯಿಂದ ತೆಗೆಯಬೇಕು. ಮರಗಳು ಹೆಚ್ಚಿದಂತೆ ರಾಶಿ ಕರಗಬೇಕು. 500 ಮಾರ್ಕ್ ಕೊಟ್ಟವರ ಪಾಲಿಗೆ ಒಂದು ಮರ. ಕಲ್ಲುರಾಶಿ ಊರಿನ ಅಂದಗೆಡಿಸಿತೆಂದು ಹಲವರು ಸಿಡಿಮಿಡಿಗೊಂಡರು. ಅದನ್ನು ಕರಗಿಸುವ ಉಪಾಯವೂ ಅವರ ಕೈಯಲ್ಲಿಯೇ ಇತ್ತು. ಬಾಯ್ಸ್ 1986ರ ಜನವರಿಯಲ್ಲಿ ತೀರಿಕೊಂಡನು. 1987ರಲ್ಲಿ ಅವನ ಮಗ ಕೊನೆಯ ಮರವನ್ನು ನೆಟ್ಟನು. ಸಾಲುಮರ ನೆಡಿಸುವುದು ಪುಣ್ಯಕಾರ್ಯವೆಂದು ಬಲ್ಲ ನಮಗೆ ಇದರಲ್ಲಿ ಕಲೆ ಎಲ್ಲಿದೆಯೆಂದು ತೋರಬಹುದು. ಅದು ಆ ಜೋಡಿಯಲ್ಲಿದೆ: ಕಲ್ಲು ಇದ್ದಷ್ಟೇ ಇರುತ್ತದೆ, ಮರ ಬೆಳೆಯುತ್ತದೆ. ಒಂದು ಕಾಲಕ್ಕೆ ಸಸಿಗಿಂತ ದೊಡ್ಡದಾಗಿ ಕಂಡ ಕಲ್ಲು ಈಗ ಮರದ ಬುಡದಲ್ಲಿ ಸಣ್ಣದಾಗಿ ನಿಂತಿದೆ.

ಬಾಯ್ಸ್ ತನ್ನನ್ನು ಕುರಿತು ಕಟ್ಟಿಕೊಂಡ ಕಥೆಯ ಆಸರೆ ಬೇಡುವ ಕಡೆ ಅವನ ಕಲೆ ದುರ್ಬಲವಾಗುತ್ತದೆ. ಕೇಳದ ಸತ್ಯವನ್ನು ಮುಚ್ಚುವುದಕ್ಕೂ ಬಳಕೆಯಾಗುತ್ತದೆ. ಹತ್ತು ಜನರೆದುರಿಗೆ, ಹತ್ತು ಜನರೊಡನೆ ಮಾಡಿದ ಕೆಲಸ ಮಾತ್ರ ತನ್ನ ಕಾಲ ಮೇಲೆ ತಾನೇ ನಿಂತಿದೆ. ಆದ್ದರಿಂದ ಇವನನ್ನು ವಿದ್ಯಾರ್ಥಿಗಳಿಗೆ ಪರಿಚಯಿಸುವವರು ಕ್ರಿಮಿಯಾದ ಹಿಮದಿಂದಲ್ಲ, ಕಾಸೆಲ್‌ನ ಮರಗಳಿಂದ ಆರಂಭಿಸುವುದು ಲೇಸು. ಕಥೆಯನ್ನೂ ಅನಂತರ ಹೇಳಬೇಕು, ಕಥೆಯೆಂದೇ ಹೇಳಬೇಕು.